ನೀಲ್ ಯಂಗ್ ಕೇಳಲು ನಾಲ್ಕು ಸಂಜೆ: ಹಂಚಿನ ಮಾಡಿನ ಕೆಳಗೆ, ಜೋಡಿ ಜೋಡಿಯಾಗಿ

ಕೆನಡಾ ಮೂಲದ ರಾಕ್ ಗಾಯಕ, ಗಿಟಾರ್ ವಾದಕ ನೀಲ್ ಯಂಗ್ ಅವರ ಅತ್ಯುತ್ತಮ ಆಲ್ಬಂ ಯಾವುದು ಎಂಬ ಮಾತು ಬಂದಾಗಲೆಲ್ಲ ಒಬ್ಬರು 'ಹಾರ್ವೆಸ್ಟ್' ಅನ್ನುತ್ತಾರೆ, ಇನ್ನೊಬ್ಬರು 'ಆಫ್ಟರ್ ದ ಗೋಲ್ಡ್ ರಶ್' ಅನ್ನುತ್ತಾರೆ, ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ. ಹೆಚ್ಚಿನವರು ಕೇಳಿರುವುದು ಸ್ಟುಡಿಯೋ ಆಲ್ಬಂ ಮಾತ್ರ. ಯಕ್ಷಗಾನ ನೋಡಿ ಬೆಳೆದ ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಪ್ರಸಂಗ ಒಂದೇ, ಆಟ ಬೇರೆ. ಭಾಗವತರು ಯಾವ ಪದವನ್ನು ಎಷ್ಟು ಹೊತ್ತು ಎತ್ತಿ ಹಿಡಿಯುತ್ತಾರೆ, ಚೆಂಡೆ ಎಲ್ಲಿ ಏರುತ್ತದೆ ಅನ್ನುವುದು ಆ ರಾತ್ರಿಯದೇ ಸಂಗತಿ. ನೀಲ್ ಯಂಗ್ ಹಾಡುಗಳೂ ಹಾಗೆಯೇ. ಸ್ಟುಡಿಯೋ ಆಲ್ಬಂ ಒಂದು, ಅದರ ಬೆನ್ನಿಗೇ ಅದೇ ಕಾಲದ ಲೈವ್ (ಜನರ ಮುಂದೆ ಹಾಡಿದ್ದರ ಧ್ವನಿಮುದ್ರಣ) ಒಂದು ಎಂದು ಜೋಡಿ ಮಾಡಿ ಕೇಳಿದರೆ ಮಾತ್ರ ಇವರು ಪೂರ್ತಿ ಸಿಗುತ್ತಾರೆ. ನಾಲ್ಕು ಸಂಜೆ ಸಾಕು.

ಮೊದಲು ಕೋಣೆ. ಕಾವಿ ನೆಲ, ಟೈಲ್ಸ್ ನೆಲ ಎರಡೂ ಸದ್ದನ್ನು ಎತ್ತಿ ಎಸೆಯುತ್ತವೆ. ಸ್ಪೀಕರುಗಳ ಮುಂದೆ ದಪ್ಪ ಜಮಖಾನ ಹಾಸಿ, ತೆಳ್ಳನೆಯ ಚಾಪೆ ಸಾಲದು. ಸ್ಪೀಕರುಗಳ ನಡುವೆ ಸುಮಾರು 2 ಮೀಟರ್ ಅಂತರ, ಕೂರುವ ಜಾಗಕ್ಕೂ ಅಷ್ಟೇ, ಗೋಡೆಯಿಂದ ಕನಿಷ್ಠ ಅರ್ಧ ಮೀಟರ್ ಮುಂದೆ. ಒಂದೇ ಬ್ಲೂಟೂತ್ ಡಬ್ಬಿಯಲ್ಲಿ ಕೇಳುವುದಾದರೆ ಮೊದಲ ಸಂಜೆಯ ಅರ್ಧ ಸುಖ ಹೋಯಿತೆಂದೇ ಲೆಕ್ಕ, ಕಾರಣ ಮುಂದೆ ಬರುತ್ತದೆ.

ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಇದ್ದರೆ ಹಳೆ ಮನೆಯ ಉಪ್ಪರಿಗೆಯ ಮರದ ನೆಲದ ಮೇಲೆ ಸ್ಟೂಲ್ ಹಾಕಿ ಇಡಬೇಡಿ. ಯಾರಾದರೂ ನಡೆದರೆ ಹಲಗೆ ಕುಣಿಯುತ್ತದೆ, ಸೂಜಿ ಹಾರುತ್ತದೆ. ಗೋಡೆಗೆ ಬಿಗಿದ ಶೆಲ್ಫ್ ಒಳ್ಳೆಯದು. ರಸಮಟ್ಟ ಇಟ್ಟು ಎರಡು ದಿಕ್ಕಿಗೂ ಮಟ್ಟ ನೋಡಿ. ಸೂಜಿಯ ಭಾರ ಕಾರ್ಟ್ರಿಡ್ಜ್ (ಸೂಜಿ ಕೂರುವ ಭಾಗ) ತಯಾರಕರು ಹೇಳಿದಷ್ಟೇ ಇರಲಿ. ಆಡಿಯೋ-ಟೆಕ್ನಿಕಾ ವಿಎಂ95ಇ ಆದರೆ 2 ಗ್ರಾಂ. 'ಹಗುರ ಇದ್ದರೆ ರೆಕಾರ್ಡ್ ಸವೆಯುವುದಿಲ್ಲ' ಎಂದು 1 ಗ್ರಾಂಗೆ ಇಳಿಸುವವರಿದ್ದಾರೆ. ಸರಿಯಾಗಿ ಕೂರದ ಸೂಜಿ ರೆಕಾರ್ಡಿನ ತೋಡಿನೊಳಗೆ (ಸದ್ದು ಕೊರೆದ ಗೆರೆ) ಅತ್ತಿತ್ತ ಬಡಿದು ಅದರ ಗೋಡೆಗೆ ಗಾಯ ಮಾಡುತ್ತದೆ. ಹಾನಿ ಹೆಚ್ಚು ಅದರಿಂದಲೇ.

ಕರೆಂಟ್ ಹೋದರೆ ಮೊದಲು ಸೂಜಿ ಹಿಡಿದ ಟೋನ್ ಆರ್ಮ್ ಎತ್ತಿ, ಆಮೇಲೆ ಆಂಪ್ಲಿಫಯರ್ ಆಫ್ ಮಾಡಿ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ, ಸೈನ್ ವೇವ್ ಇದ್ದರೆ ತೊಂದರೆಯಿಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತೇ ಬಿಡಿ.

ಇನ್ನು ನಮ್ಮ ಕರಾವಳಿಯ ದೊಡ್ಡ ಶತ್ರು, ಬೂಷ್ಟು. ಮಳೆಗಾಲದ ಆಟಿ ತಿಂಗಳಲ್ಲಿ ಮುಚ್ಚಿದ ಕಪಾಟಿನಿಂದ ರೆಕಾರ್ಡ್ ತೆಗೆದು ಓರೆಯಾಗಿ ಬೆಳಕಿಗೆ ಹಿಡಿಯಿರಿ: ಕಪ್ಪು ಮೈಮೇಲೆ ಸಣ್ಣ ಸಣ್ಣ ಬೂದು ಚುಕ್ಕೆ, ಕೆಲವು ಕಡೆ ಜೇಡರ ಬಲೆಯಂಥ ಕವಲು. ಅದು ಹೆಚ್ಚಾಗಿ ಬೆಳೆಯುವುದು ಒಳಗಿನ ಕಾಗದದ ಚೀಲದಲ್ಲಿ, ಬೆರಳ ಎಣ್ಣೆ ಅಂಟಿದಲ್ಲಿ. ಗೋಳಿಬಜೆ ತಿಂದ ಕೈಯಲ್ಲಿ ರೆಕಾರ್ಡ್ ಮುಟ್ಟಬೇಡಿ ಅನ್ನುವುದು ಇದಕ್ಕೇ. ತೊಳೆಯಲು ಡಿಸ್ಟಿಲ್ಡ್ ವಾಟರ್ 4 ಪಾಲು, ಐಸೊಪ್ರೊಪೈಲ್ ಆಲ್ಕೊಹಾಲ್ 1 ಪಾಲು, ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ 2 ಹನಿ. ಮೈಕ್ರೋಫೈಬರ್ ಬಟ್ಟೆಯನ್ನು ತೋಡಿನ ದಿಕ್ಕಿನಲ್ಲೇ ಸುತ್ತಿಸಿ, ಅಡ್ಡಕ್ಕೆ ಒರೆಸಬೇಡಿ, ಲೇಬಲ್ ಒದ್ದೆಯಾಗಬಾರದು. ಕೊನೆಗೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಬಾವಿ ನೀರು ಬೇಡ, ಒಣಗಿದಾಗ ಅದರ ಲವಣ ತೋಡಿನಲ್ಲಿ ಉಳಿದು ಚಟಪಟ ಅನ್ನುತ್ತದೆ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳಿಗೆ ಈ ದ್ರಾವಣ ತಾಗಿಸಲೇಬೇಡಿ, ಆಲ್ಕೊಹಾಲಿಗೆ ಅರಗು ಕರಗುತ್ತದೆ. ಒಣಗಿಸುವುದು ಫ್ಯಾನಿನ ಕೆಳಗೆ, ನಿಲ್ಲಿಸಿ. ಹಪ್ಪಳದ ಹಾಗೆ ಅಂಗಳದ ಬಿಸಿಲಿಗೆ ಹಾಕಿದರೆ ಹಪ್ಪಳದ ಹಾಗೆಯೇ ಸುರುಟಿಕೊಳ್ಳುತ್ತದೆ. ಹಳೆಯ ಕಾಗದದ ಚೀಲ ಎಸೆದು ಪ್ಲಾಸ್ಟಿಕ್ ಒಳಪದರದ ಹೊಸ ಚೀಲ ಹಾಕಿ. ಇಲ್ಲದಿದ್ದರೆ ತೊಳೆದದ್ದು ವ್ಯರ್ಥ, ಮುಂದಿನ ಮಳೆಗೆ ಮತ್ತೆ ಅದೇ ಕಥೆ.

ಸ್ಟ್ರೀಮಿಂಗ್‌ನಲ್ಲಿ ಕೇಳುವವರಿಗೆ ಎರಡೇ ಕೆಲಸ: ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭಕ್ಕೆ ಬೆರೆಸುವುದು) ಸೊನ್ನೆ ಮಾಡಿ, ವಾಲ್ಯೂಮ್ ನಾರ್ಮಲೈಸೇಶನ್ (ಎಲ್ಲ ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವುದು) ಆಫ್ ಮಾಡಿ.

ಮೊದಲ ಸಂಜೆ 1969ರ 'ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್'. ಕ್ರೇಜಿ ಹಾರ್ಸ್ ಎಂಬ ವಾದ್ಯತಂಡದ ಜೊತೆಗಿನ ಮೊದಲ ಆಲ್ಬಂ: ಗಿಟಾರಿಗೆ ಡ್ಯಾನಿ ವಿಟ್ಟನ್, ಬಾಸ್‌ಗೆ ಬಿಲ್ಲಿ ಟಾಲ್ಬಟ್, ಡ್ರಮ್ಸ್‌ಗೆ ರಾಲ್ಫ್ ಮೊಲಿನಾ. ಕೇಳಲು ಕೂತವರಲ್ಲಿ ಗಿಟಾರ್ ಬಾರಿಸುವವರಿದ್ದರೆ 'ಸಿನಮನ್ ಗರ್ಲ್'ಗೆ ಮೇಲಿನ ಮತ್ತು ಕೆಳಗಿನ ಎರಡೂ ಇ ತಂತಿಗಳನ್ನು ಡಿಗೆ ಇಳಿಸಿಕೊಳ್ಳಲಿ. ಆ ಹಾಡಿನ ಸೋಲೋ ಒಂದೇ ಸ್ವರದ ಮೇಲೆ ನಿಂತಿದೆ, ಆದರೂ ಬೇಸರ ಬರುವುದಿಲ್ಲ, ಯಾಕೆಂದರೆ ಕೆಳಗೆ ಸ್ವರಮೇಳ ಬದಲಾಗುತ್ತಲೇ ಇರುತ್ತದೆ. ಮುಗಿದ ತಕ್ಷಣ 'ಲೈವ್ ಅಟ್ ದ ಫಿಲ್ಮೋರ್ ಈಸ್ಟ್' ಹಾಕಿ. 1970ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಾರ್ಯಕ್ರಮ, ಹೊರಬಂದದ್ದು 2006ರಲ್ಲಿ. 'ಕೌಗರ್ಲ್ ಇನ್ ದ ಸ್ಯಾಂಡ್' ಸ್ಟುಡಿಯೋದಲ್ಲಿ 10 ನಿಮಿಷ, ಇಲ್ಲಿ 16. ಇಬ್ಬರ ಗಿಟಾರೂ ಬೇರೆ ಬೇರೆ ಬದಿಯಿಂದ ಬರುತ್ತವೆ. ಸೋಲೋ ಬಂದಾಗ ಎಲ್ಲರ ಕಿವಿ ನೀಲ್ ಕಡೆ ಹೋಗುತ್ತದೆ. ಎರಡನೇ ಸಲ ಕೇಳುವಾಗ ವಿಟ್ಟನ್ ಬದಿಗೆ ಮಾತ್ರ ಗಮನ ಕೊಡಿ: ಆತ ತಾಳಕ್ಕೆ ಅಂಟಿಕೊಂಡು ಸುಮ್ಮನೆ ಕೂರುವುದಿಲ್ಲ, ಪ್ರತಿ ಸಾಲಿಗೂ ಉತ್ತರ ಕೊಡುತ್ತಾರೆ. ಸ್ಪೀಕರ್ ಎರಡು ಬೇಕು ಅಂದದ್ದು ಇದಕ್ಕೆ. ಈ ವಾದ್ಯಗೋಷ್ಠಿ ಮತ್ತೆ ಹೀಗೆ ಕೂಡಲಿಲ್ಲ, ವಿಟ್ಟನ್ 1972ರ ನವೆಂಬರಿನಲ್ಲಿ ತೀರಿಕೊಂಡರು.

ಎರಡನೇ ಸಂಜೆಗೆ ಮಳೆ ಬಿಟ್ಟ ದಿನ ನೋಡಿಕೊಳ್ಳಿ. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಒಬ್ಬರ ದನಿ, ಒಂದು ಪಿಯಾನೋ ಕೇಳುವುದಿಲ್ಲ. ವಾಲ್ಯೂಮ್ ಏರಿಸಿದರೆ ಮೃದುತ್ವ ಹೋಗುತ್ತದೆ. ಈ ದಿನ ಕ್ರಮ ತಿರುಗಿಸಿ: ಮೊದಲು 'ಲೈವ್ ಅಟ್ ಮ್ಯಾಸಿ ಹಾಲ್', ಆಮೇಲೆ 'ಹಾರ್ವೆಸ್ಟ್'. ಟೊರೊಂಟೊದಲ್ಲಿ 1971ರ ಜನವರಿ 19ರಂದು ನೀಲ್ ಒಬ್ಬರೇ ಕೂತು ಹಾಡಿದಾಗ 'ಹಾರ್ವೆಸ್ಟ್' ಬರಲು ಇನ್ನೂ ಒಂದು ವರ್ಷ ಬಾಕಿ ಇತ್ತು. 'ಎ ಮ್ಯಾನ್ ನೀಡ್ಸ್ ಎ ಮೇಡ್' ಪಿಯಾನೋದಲ್ಲಿ ಶುರುವಾಗಿ ಹಾಗೆಯೇ 'ಹಾರ್ಟ್ ಆಫ್ ಗೋಲ್ಡ್'ಗೆ ಜಾರುತ್ತದೆ. 1972ರ ಆಲ್ಬಂನಲ್ಲಿ ಅದೇ 'ಮೇಡ್' ಹಾಡಿಗೆ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇದೆ. ನನ್ನ ತೀರ್ಪು ಪಿಯಾನೋದ ಕಡೆಗೇ, ಆರ್ಕೆಸ್ಟ್ರಾ ಆ ಒಂಟಿತನವನ್ನು ತುಂಬಿಸಿಬಿಡುತ್ತದೆ. 'ಹಾರ್ವೆಸ್ಟ್'ನಲ್ಲೂ ಒಂದು ಲೈವ್ ಹಾಡು ಅಡಗಿದೆ: 'ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್'. ಚಪ್ಪಾಳೆ ಬಂತು ಅನ್ನುವಷ್ಟರಲ್ಲಿ ಕತ್ತರಿಸಿದಂತೆ 'ವರ್ಡ್ಸ್' ಶುರು. ಕ್ರಾಸ್‌ಫೇಡ್ ಇದ್ದರೆ ಈ ಹೊಡೆತವೇ ಸತ್ತುಹೋಗುತ್ತದೆ.

ಮೂರನೆಯದು ಕತ್ತಲೆಯ ಸಂಜೆ. 'ಟುನೈಟ್ಸ್ ದ ನೈಟ್' ಬಹುಪಾಲು 1973ರಲ್ಲಿ ರೆಕಾರ್ಡ್ ಆಗಿ 1975ರಲ್ಲಿ ಬಂತು. ವಿಟ್ಟನ್ ಮತ್ತು ಸಿಬ್ಬಂದಿಯಲ್ಲಿದ್ದ ಬ್ರೂಸ್ ಬೆರ್ರಿ ಇಬ್ಬರ ಸಾವಿನ ದುಃಖ ಇದರಲ್ಲಿದೆ. 'ಮೆಲೋ ಮೈ ಮೈಂಡ್'ನಲ್ಲಿ ದನಿ ಒಡೆಯುತ್ತದೆ, ಅದನ್ನು ತಿದ್ದದೆ ಬಿಟ್ಟಿದ್ದಾರೆ. ಸಿಸ್ಟಮ್ ಕೆಟ್ಟಿದೆ ಎಂದು ಟ್ರೆಬಲ್ ತಿರುಗಿಸಬೇಡಿ. 'ಕಮ್ ಆನ್ ಬೇಬಿ ಲೆಟ್ಸ್ ಗೋ ಡೌನ್‌ಟೌನ್' ಹಾಡುವ ದನಿ ವಿಟ್ಟನ್ ಅವರದು, ಮೊದಲ ಸಂಜೆ ಕೇಳಿದ ಅದೇ ಫಿಲ್ಮೋರ್ ಧ್ವನಿಮುದ್ರಣ. ಸತ್ತವರು ಬಂದು ಹಾಡಿದ ಹಾಗೆ ಆಗುತ್ತದೆ, ಅದಕ್ಕೇ ಫಿಲ್ಮೋರ್ ಮೊದಲು ಇಟ್ಟದ್ದು. ಜೋಡಿಗೆ 2018ರಲ್ಲಿ ಬಂದ 'ರಾಕ್ಸಿ' ಲೈವ್. 'ಟೈಮ್ ಫೇಡ್ಸ್ ಅವೇ' ಸಿಕ್ಕರೆ ಬಿಡಬೇಡಿ, 1973ರ ಪ್ರವಾಸದ ಲೈವ್ ಆದರೂ ಅದರಲ್ಲಿರುವುದೆಲ್ಲ ಹೊಸ ಹಾಡುಗಳೇ.

ಕೊನೆಯ ಸಂಜೆ 1979ರ 'ರಸ್ಟ್ ನೆವರ್ ಸ್ಲೀಪ್ಸ್' ಮತ್ತು 'ಲೈವ್ ರಸ್ಟ್'. ಮೊದಲನೆಯದು ಬಹುಪಾಲು ವೇದಿಕೆಯಲ್ಲೇ ಮುದ್ರಿಸಿ, ಜನರ ಸದ್ದು ಅಳಿಸಿದ ಆಲ್ಬಂ. ಎರಡನೆಯದರಲ್ಲಿ ಜನ ಇದ್ದಾರೆ. ಹಾಗಾಗಿ ಮೊದಲನೆಯದರ ಕೊನೆಯ ಹಾಡಾದ 'ಹೇ ಹೇ, ಮೈ ಮೈ' ಎರಡರಿಂದಲೂ ಒಂದಾದ ಮೇಲೊಂದು ಹಾಕಿ. ಇಲ್ಲಿ ಮಳೆ ಬಂದರೂ ಅಡ್ಡಿಯಿಲ್ಲ, ಆ ಗಿಟಾರಿನ ಮುಂದೆ ಹಂಚಿನ ಸದ್ದು ಸೋಲುತ್ತದೆ. ಇನ್ನೂ ಬೇಕು ಅನ್ನುವವರಿಗೆ 1991ರ 'ವೆಲ್ಡ್' ಇದೆ. ರಾತ್ರಿ 10ರೊಳಗೆ ಮುಗಿಯುವಂತೆ ಸಂಜೆ ಬೇಗನೇ ಶುರುಮಾಡಿ, 'ವೆಲ್ಡ್' ಒಂದೇ ಎರಡು ಗಂಟೆ ತಿನ್ನುತ್ತದೆ.