ಕರಾವಳಿಯ ಮಳೆಯಿಂದ ಲೇಹ್‌ನ ಒಣಚಳಿಗೆ: ಚೀಲ ತುಂಬುವ ಕ್ರಮ

ಜೂನ್ ತಿಂಗಳಲ್ಲಿ ಉಡುಪಿಯಿಂದ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ, ಅಲ್ಲಿಂದ ಮನಾಲಿಯ ದಾರಿಯಾಗಿ ಲೇಹ್‌ಗೆ ಹೊರಡುವವರು ಒಂದೇ ಪ್ರವಾಸದಲ್ಲಿ ನಾಲ್ಕು ಹವೆಗಳನ್ನು ಕಾಣುತ್ತಾರೆ: ಊರಿನ ಜಡಿಮಳೆ, ದೆಹಲಿಯ 40 ಡಿಗ್ರಿ ದಾಟುವ ಬಿಸಿಲು, ಸುಮಾರು 2,000 ಮೀಟರ್ ಎತ್ತರದ ಮನಾಲಿಯ ತಂಪು, 3,500 ಮೀಟರ್ ಎತ್ತರದ ಲೇಹ್‌ನ ಒಣಚಳಿ. ಒಂದೊಂದು ಹವೆಗೆ ಒಂದೊಂದು ಜೊತೆ ಬಟ್ಟೆ ಎಂದು ಹೊರಟರೆ ಚೀಲವನ್ನು ಎತ್ತಲಾಗದು. ಒಂದರ ಮೇಲೊಂದು ತೊಡಬಹುದಾದ ತೆಳು ಬಟ್ಟೆಗಳನ್ನು ಆರಿಸಬೇಕು, ಅವನ್ನು ಒಣಗಿದ ಸ್ಥಿತಿಯಲ್ಲೇ ಅಲ್ಲಿಗೆ ತಲುಪಿಸಬೇಕು. ನಮ್ಮ ಕಡೆಯವರಿಗೆ ಕಷ್ಟವಾಗುವುದು ಎರಡನೆಯದು.

ಆದ್ದರಿಂದ ತಯಾರಿಯನ್ನು ಮೇ ತಿಂಗಳಲ್ಲೇ ಆರಂಭಿಸಬೇಕು. ಕಪಾಟಿನಲ್ಲಿ ವರ್ಷಗಟ್ಟಲೆ ಮಡಚಿಟ್ಟ ಸ್ವೆಟರು, ಜಾಕೆಟ್‌ಗಳಿಗೆ ಬೂಷ್ಟು ಹಿಡಿದಿರುವ ಸಾಧ್ಯತೆಯೇ ಹೆಚ್ಚು. ಮಳೆ ಹಿಡಿಯುವ ಮೊದಲೇ ಅವನ್ನು ಒಗೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬಿಗಿಯಾಗಿ ಕಟ್ಟಿಡಿ. ಬಹುಕಾಲ ಬಳಸದೆ ಇಟ್ಟ ಶೂಗಳನ್ನೂ ಪರೀಕ್ಷಿಸಬೇಕು. ಕರಾವಳಿಯ ತೇವಕ್ಕೆ ಅಟ್ಟೆ ಹುಡಿಯಾಗುವುದು, ಅಂಟು ಬಿಡುವುದು ಸಾಮಾನ್ಯ. ಹೊಸತನ್ನು ಕೊಂಡರೆ ಕೆಲವು ದಿನ ಊರಿನಲ್ಲೇ ಹಾಕಿ ನಡೆದು, ಕಾಲಿಗೆ ಒಗ್ಗಿಸಿಕೊಳ್ಳಿ.

ಬಟ್ಟೆಯ ಆಯ್ಕೆಯಲ್ಲಿ ಹತ್ತಿಯ ಮೇಲಿನ ಮೋಹವನ್ನು ಸ್ವಲ್ಪ ಬಿಡಬೇಕಾಗುತ್ತದೆ. ಸೆಕೆಗೆ ಅದಕ್ಕಿಂತ ಹಿತವಾದುದಿಲ್ಲ, ದೆಹಲಿಗೆ ಎರಡು ಹತ್ತಿ ಅಂಗಿ ಇರಲಿ. ಆದರೆ ಬೆವರು ಹೀರಿದ ಹತ್ತಿ ಬೇಗ ಆರುವುದಿಲ್ಲ, ಚಳಿಗಾಳಿಯಲ್ಲಿ ಮೈಯ ಶಾಖವನ್ನೇ ಸೆಳೆಯುತ್ತದೆ. ಲೇಹ್‌ನಲ್ಲಿ ಮೈಗೆ ತಾಗುವ ಪದರವಾಗಿ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಹೊರಗೆ ಗಾಳಿ ತಡೆಯುವ ಜಾಕೆಟ್ ಸಾಕು; ಹಗಲಲ್ಲಿ ಒಂದೊಂದೇ ಕಳಚಿ, ಸಂಜೆ ಮತ್ತೆ ಹಾಕಿಕೊಳ್ಳಬಹುದು. ಊರಿನಲ್ಲಿ ಬಳಸುವ ಒಳ್ಳೆಯ ರೇನ್‌ಕೋಟು ಹೊರಪದರದ ಕೆಲಸವನ್ನೂ ಮಾಡುತ್ತದೆ. ಕೊಡೆಯನ್ನು ಉಡುಪಿಯ ಇಂದ್ರಾಳಿ ರೈಲು ನಿಲ್ದಾಣಕ್ಕೆ ಬಿಡಲು ಬಂದವರ ಕೈಯಲ್ಲೇ ವಾಪಸು ಕಳುಹಿಸಿ.

ತುಂಬುವಾಗ ಲೇಹ್‌ನ ಬಟ್ಟೆ ತಳದಲ್ಲಿ, ಮನಾಲಿಯದು ನಡುವೆ, ರೈಲಿಗೂ ದೆಹಲಿಗೂ ಬೇಕಾದದ್ದು ಮೇಲೆ ಇರಲಿ. ಒಂದು ಸ್ವೆಟರನ್ನು ಮಾತ್ರ ಕೈಚೀಲದಲ್ಲಿಡಿ, ಏಕೆಂದರೆ ಮನಾಲಿಯಿಂದ ಮೇಲಿನ ದಾರಿ 5,000 ಮೀಟರ್ ಮೀರಿದ ಕಣಿವೆದಾರಿಗಳನ್ನು ಹಾದುಹೋಗುತ್ತದೆ.

ಎತ್ತರದ ತೊಂದರೆಗಳು ಬಟ್ಟೆಯಷ್ಟಕ್ಕೆ ನಿಲ್ಲುವುದಿಲ್ಲ. ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡರಷ್ಟು ಮಾತ್ರ. ತುಂಬಿದ ಶ್ಯಾಂಪೂ ಬಾಟಲಿ ಉಬ್ಬಿ ಸೋರುವುದರಿಂದ ಅದನ್ನು ಪ್ರತ್ಯೇಕ ತೊಟ್ಟೆಯಲ್ಲಿಡಬೇಕು. ತೆಂಗಿನೆಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಅಗಲ ಬಾಯಿಯ ಡಬ್ಬಿಯೇ ಒಳ್ಳೆಯದು. ಕುಚ್ಚಲಕ್ಕಿಯನ್ನು ಒಯ್ಯುವ ಆಸೆ ಬೇಡ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಊರಿನಲ್ಲೇ ಬೇಯಲು ಹೊತ್ತು ತೆಗೆದುಕೊಳ್ಳುವ ಅಕ್ಕಿ ಅಲ್ಲಿ ಇನ್ನಷ್ಟು ಸತಾಯಿಸುತ್ತದೆ. ಅವಲಕ್ಕಿ, ಚಟ್ನಿಪುಡಿ ಸಾಕು. ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಮುಲಾಮು, ಕಪ್ಪು ಕನ್ನಡಕ ಇರಲೇಬೇಕು.

ಔಷಧಿಯ ವಿಷಯದಲ್ಲಿ ಹೊರಡುವ ಮೊದಲೇ ವೈದ್ಯರನ್ನು ಕಾಣಿ. ಎತ್ತರದ ಬಾಧೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ನೆರೆಯವರ ಮಾತು ಕೇಳಿ ನುಂಗುವಂತಿಲ್ಲ, ಸಲ್ಫಾ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಮಾತ್ರೆ ಇದ್ದರೂ ಲೇಹ್‌ನಲ್ಲಿ ಮೊದಲ ಎರಡು ದಿನ ವಿಶ್ರಾಂತಿ ತಪ್ಪಿಸಬಾರದು.

ಕೊನೆಗೆ ಮೊಬೈಲು. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ತಂಡದಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಪವರ್ ಬ್ಯಾಂಕನ್ನು ರಾತ್ರಿ ಹೊದಿಕೆಯೊಳಗೇ ಇಟ್ಟುಕೊಳ್ಳಿ. ಮರಳುವಾಗ ವಿಮಾನ ಹತ್ತುವುದಾದರೆ ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಚೀಲದಲ್ಲಿ ಹಾಕಲು ಬಿಡುವುದಿಲ್ಲ.