8 ಜಿಬಿ ಲ್ಯಾಪ್‌ಟಾಪಿನಲ್ಲಿ ಫೋಟೋಶಾಪ್‌ಗೆ ಎಷ್ಟು ಮೆಮೊರಿ ಕೊಡಬೇಕು?

ಮಾಘ, ಫಾಲ್ಗುಣದ ಲಗ್ನಗಳು ಮುಗಿಯುತ್ತಿದ್ದಂತೆ ತುಮಕೂರಿನ ಸ್ಟುಡಿಯೋಗಳಲ್ಲಿ ಆಲ್ಬಂ ಕೆಲಸ ಒಟ್ಟಿಗೆ ಬಂದು ಬೀಳುತ್ತದೆ, ಲ್ಯಾಪ್‌ಟಾಪ್ ಮುಗ್ಗರಿಸುವುದೂ ಆಗಲೇ. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. 12x36 ಅಂಗುಲದ ಒಂದು ಶೀಟು 300 ಡಿಪಿಐನಲ್ಲಿ 3,600 x 10,800 ಪಿಕ್ಸೆಲ್, ಅಂದರೆ ಸುಮಾರು 3.9 ಕೋಟಿ ಪಿಕ್ಸೆಲ್ ಆಗುತ್ತದೆ. 8 ಬಿಟ್ ಆರ್‌ಜಿಬಿಯಲ್ಲಿ ಒಂದು ಪಿಕ್ಸೆಲ್ಲಿಗೆ 3 ಬೈಟ್ ಬೇಕಾಗುವುದರಿಂದ ಹಿನ್ನೆಲೆಯ ಒಂದೇ ಲೇಯರ್ (ಚಿತ್ರದ ಒಂದು ಪದರ) ಸುಮಾರು 117 ಎಂಬಿ ಹಿಡಿಯುತ್ತದೆ. 16 ಬಿಟ್‌ಗೆ ಬದಲಾಯಿಸಿದರೆ ಇದು ಇಮ್ಮಡಿಯಾಗುತ್ತದೆ. ಶೀಟಿನ ತುಂಬ ಹರಡಿದ ಹತ್ತು ಲೇಯರ್‌ಗಳಿದ್ದರೆ 1 ಜಿಬಿ ದಾಟಿತೆಂದೇ ತಿಳಿಯಬೇಕು.

ಹಾಗೆಂದು ಇರುವ ಮೆಮೊರಿಯನ್ನೆಲ್ಲ (ರ್‍ಯಾಮ್) ಫೋಟೋಶಾಪ್‌ಗೇ ಬಿಟ್ಟುಕೊಡುವುದು ತಪ್ಪು. ನಾನು ಮೊದಲು ಹಾಗೆಯೇ 95 ಪ್ರತಿಶತಕ್ಕೆ ಏರಿಸಿದ್ದೆ. ವಿಂಡೋಸ್‌ಗೆ ಉಸಿರಾಡಲು ಜಾಗವಿಲ್ಲದೆ ಇಡೀ ಯಂತ್ರವೇ ನಿಧಾನವಾಯಿತು. ಆದ್ದರಿಂದ ಯಾವುದನ್ನೂ ಬದಲಾಯಿಸುವ ಮೊದಲು ಅಳೆದು ನೋಡಬೇಕು. ನಿಮ್ಮ ಅತಿ ಭಾರದ ಶೀಟನ್ನು ತೆರೆದು, ಕಿಟಕಿಯ ಕೆಳಗಿನ ಪಟ್ಟಿಯಲ್ಲಿರುವ ಸಣ್ಣ ಬಾಣದ ಗುರುತನ್ನು ಒತ್ತಿ ‘ಎಫಿಶಿಯೆನ್ಸಿ’ ಆರಿಸಿಕೊಂಡು, ಹತ್ತು ನಿಮಿಷ ಎಂದಿನಂತೆ ಕೆಲಸ ಮಾಡಿ. ಅಂಕಿ 100ರಲ್ಲೇ ನಿಂತಿದ್ದರೆ ಮೆಮೊರಿ ಸಾಕಷ್ಟಿದೆ, ನಿಧಾನಕ್ಕೆ ಕಾರಣ ಬೇರೆ ಎಲ್ಲೋ ಇದೆ. ಅದು 100ಕ್ಕಿಂತ ಕೆಳಗಿಳಿದರೆ ಫೋಟೋಶಾಪ್ ಮೆಮೊರಿ ಸಾಲದೆ ಡಿಸ್ಕನ್ನು ಬಳಸುತ್ತಿದೆ ಎಂದರ್ಥ.

ಇಳಿದಿದ್ದರೆ ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ‘ಪರ್ಫಾರ್ಮೆನ್ಸ್’ ಪುಟ ತೆರೆಯಿರಿ. ಅಲ್ಲಿ ಮೆಮೊರಿಯ ಪಾಲು ಸಾಮಾನ್ಯವಾಗಿ 70 ಪ್ರತಿಶತಕ್ಕೆ ನಿಗದಿಯಾಗಿರುತ್ತದೆ. ಅದನ್ನು ಐದೈದರಂತೆ ಏರಿಸಿ, ಪ್ರತಿ ಸಲವೂ ಫೋಟೋಶಾಪನ್ನು ಮುಚ್ಚಿ ಮತ್ತೆ ತೆರೆದು, ಅದೇ ಶೀಟಿನಲ್ಲಿ ಎಫಿಶಿಯೆನ್ಸಿ ನೋಡಿ. 85 ದಾಟಬೇಡಿ. 8 ಜಿಬಿಯ ಯಂತ್ರದಲ್ಲಿ ಬ್ರೌಸರ್ ಕೂಡ ತೆರೆದಿಟ್ಟುಕೊಳ್ಳುವವರು 75ರಲ್ಲೇ ನಿಲ್ಲುವುದು ಲೇಸೆಂಬುದು ನನ್ನ ಅಭಿಪ್ರಾಯ.

ಅದೇ ಪುಟದಲ್ಲಿರುವ ಹಿಸ್ಟರಿ ಸ್ಟೇಟ್ಸ್ (ಹಿಂದಕ್ಕೆ ಮರಳಲು ನೆನಪಿಡುವ ಹಂತಗಳ ಸಂಖ್ಯೆ) 50 ಇದ್ದರೆ 20ಕ್ಕೆ ಇಳಿಸಿ. ಮುಖದ ಮೇಲಿನ ಒಂದು ಕಲೆ ತೆಗೆದರೆ ಹಿಸ್ಟರಿಗೆ ಹೆಚ್ಚೇನೂ ಬೇಕಾಗುವುದಿಲ್ಲ, ಆದರೆ ಇಡೀ ಶೀಟಿಗೆ ಫಿಲ್ಟರ್ ಹಾಕಿದಾಗಲೆಲ್ಲ ಹಳೆಯ ರೂಪವನ್ನೂ ಅದು ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಕ್ಯಾಶ್ ಲೆವೆಲ್ಸ್ (ತೆರೆಯ ಮೇಲೆ ಚಿತ್ರವನ್ನು ಬೇಗ ತೋರಿಸಲು ಇಟ್ಟುಕೊಳ್ಳುವ ಸಣ್ಣ ಪ್ರತಿಗಳ ಸಂಖ್ಯೆ) 4 ಇದ್ದರೆ ಹಾಗೆಯೇ ಇರಲಿ.

ಹೆಚ್ಚಿನವರು ಎಡವುವುದು ಸ್ಕ್ರ್ಯಾಚ್ ಡಿಸ್ಕ್, ಅಂದರೆ ಮೆಮೊರಿ ಸಾಲದಾಗ ಫೋಟೋಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕಿನ ವಿಷಯದಲ್ಲಿ. ಸಿ ಡ್ರೈವ್ ತುಂಬಿದೆಯೆಂದು ಡಿ ಡ್ರೈವನ್ನು ಆರಿಸಿದರೆ ಜಾಗವೇನೋ ಸಿಗುತ್ತದೆ, ಆದರೆ ಎರಡೂ ಒಂದೇ ಡಿಸ್ಕಿನ ಭಾಗಗಳಾಗಿದ್ದರೆ ವೇಗ ಹೆಚ್ಚುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಜೊತೆಗೆ ಎಸ್‌ಎಸ್‌ಡಿಯೂ ಇರುವ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿಯನ್ನೇ ಮೊದಲು ಗುರುತು ಮಾಡಬೇಕು; ಪೆನ್‌ಡ್ರೈವನ್ನು ಇದಕ್ಕೆ ಎಂದೂ ಬಳಸಬಾರದು. ಸ್ಕ್ರ್ಯಾಚ್ ಡಿಸ್ಕ್ ತುಂಬಿದೆಯೆಂದು ಫೋಟೋಶಾಪ್ ತೆರೆಯಲೇ ನಿರಾಕರಿಸಿದರೆ, ಅದು ಆರಂಭವಾಗುವಾಗ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒತ್ತಿ ಹಿಡಿದು ಬೇರೆ ಡ್ರೈವ್ ಆರಿಸಬಹುದು. ಫೋಟೋಶಾಪ್ ಅರ್ಧಕ್ಕೇ ನಿಂತುಹೋದಾಗ ‘ಫೋಟೋಶಾಪ್ ಟೆಂಪ್’ ಎಂಬ ಹೆಸರಿನಿಂದ ಆರಂಭವಾಗುವ ಭಾರೀ ಕಡತಗಳು ಡಿಸ್ಕಿನಲ್ಲಿ ಉಳಿದಿರುತ್ತವೆ. ಫೋಟೋಶಾಪ್ ಮುಚ್ಚಿದ ಮೇಲೆ ಅವನ್ನು ಅಳಿಸಬಹುದು.

ಒಂದು ಶೀಟು ಮುಗಿದು ಉಳಿಸಿದ ಮೇಲೆ, ಎಡಿಟ್ ಮೆನುವಿನ ‘ಪರ್ಜ್’ ಮೂಲಕ ಹಿಸ್ಟರಿ ಖಾಲಿ ಮಾಡಿ ಮುಂದಿನದನ್ನು ತೆರೆಯಿರಿ. ಹೀಗೆ ಮಾಡಿದರೆ ಹಿಂದಿನ ಹಂತಗಳಿಗೆ ಮರಳಲಾಗದು, ಹಾಗಾಗಿ ಮದುವೆ ಮನೆಯವರು ನೋಡಿ ಒಪ್ಪಿದ ಶೀಟಿಗೆ ಮಾತ್ರ ಇದನ್ನು ಮಾಡಿ. ಇಷ್ಟೆಲ್ಲ ಆದ ಮೇಲೂ ಎಫಿಶಿಯೆನ್ಸಿ 80ಕ್ಕಿಂತ ಕೆಳಗೇ ಇದ್ದರೆ, ಲ್ಯಾಪ್‌ಟಾಪಿನಲ್ಲಿ ಖಾಲಿ ರ್‍ಯಾಮ್ ಸ್ಲಾಟ್ ಇದೆಯೇ ಎಂದು ನೋಡಿಸಿ ಇನ್ನೊಂದು 8 ಜಿಬಿ ಹಾಕಿಸುವುದೇ ಉಳಿದ ದಾರಿ.