ಮರಾಠಿ ಓದಬಲ್ಲ ಮಗುವಿಗೆ ವೀಡಿಯೊ ಕರೆಯಲ್ಲಿ ಕನ್ನಡ ಓದು: ನನ್ನ ಅನುಭವ

ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಗಳಿವೆ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಮುದ್ರಿಸುತ್ತದೆ. ಆದರೂ ನಮ್ಮವರ ಮನೆಗಳ ಹೆಚ್ಚಿನ ಮಕ್ಕಳು ಇಂದು ಇಂಗ್ಲಿಷ್ ಮಾಧ್ಯಮದಲ್ಲಿದ್ದಾರೆ. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿರುವುದರಿಂದ ಈ ಮಕ್ಕಳಿಗೆ ದೇವನಾಗರಿ ಲಿಪಿ ಚೆನ್ನಾಗಿ ಬರುತ್ತದೆ. ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಮುಲುಂಡಿನ ನನ್ನ ಮನೆಯಿಂದ ಡೊಂಬಿವಲಿ, ಮೀರಾ ರೋಡ್, ಪಿಂಪ್ರಿ, ವಾಸ್ಕೋ ಮುಂತಾದ ಕಡೆಯ ಇಂತಹ ಮಕ್ಕಳಿಗೆ, ಒಂದು ಹೊತ್ತಿಗೆ ಒಂದೇ ಮಗುವಿನಂತೆ, ವೀಡಿಯೊ ಕರೆಯಲ್ಲಿ ಓದು ಕಲಿಸುತ್ತ ಬಂದಿದ್ದೇನೆ. ನಾನು ಮೊದಲು ತರಗತಿಯಲ್ಲಿ ಕಲಿಸಿದವಳು. ಅಲ್ಲಿ ನಲವತ್ತು ದನಿಗಳ ನಡುವೆ ಕೇಳಿಸದೇ ಹೋಗುತ್ತಿದ್ದ ತಪ್ಪು ಇಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಮತ್ತು ಆ ತಪ್ಪಿಗೆ ಬಹುಮಟ್ಟಿಗೆ ಒಂದು ಕಾರಣವಿರುತ್ತದೆ. ಆ ಕಾರಣವನ್ನು ಹಿಡಿದು ಪಾಠವನ್ನು ಕಟ್ಟುವುದೇ ನನ್ನ ಕ್ರಮ.

ಮೊದಲ ಕರೆಯಲ್ಲಿ ನಾನು ಏನನ್ನೂ ಕಲಿಸುವುದಿಲ್ಲ. ಮಗುವಿನ ಜೊತೆ ಮಾತನಾಡುತ್ತೇನೆ, ಅದರ ಮರಾಠಿ ಪುಸ್ತಕದ ಅರ್ಧ ಪುಟವನ್ನು ಓದಿಸಿ ಕೇಳುತ್ತೇನೆ. ಕನ್ನಡ ಕಲಿಸುವವರು ಮರಾಠಿಯನ್ನು ಏಕೆ ಓದಿಸಬೇಕೆಂದು ಪೋಷಕರು ಕೇಳುವುದುಂಟು. ಮಗು ಒಂದು ಲಿಪಿಯನ್ನು ಸರಾಗವಾಗಿ ಓದುತ್ತದೆಯೆಂದರೆ, ಅಕ್ಷರಕ್ಕೂ ದನಿಗೂ ಇರುವ ನಂಟು ಅದಕ್ಕೆ ಆಗಲೇ ತಿಳಿದಿದೆ. ಕಲಿಯಬೇಕಾದದ್ದು ಹೊಸ ಆಕಾರಗಳು ಮತ್ತು ಎರಡು ಲಿಪಿಗಳ ನಡುವಿನ ಕೆಲವು ವ್ಯತ್ಯಾಸಗಳು ಮಾತ್ರ. ಮರಾಠಿಯಲ್ಲಿಯೂ ತಡವರಿಸುವ ಮಗುವಿಗೆ ಬೇರೆಯೇ ದಾರಿ ಬೇಕಾಗುತ್ತದೆ, ಹೆಚ್ಚು ಕಾಲವೂ ಬೇಕಾಗುತ್ತದೆ.

ಸಲಕರಣೆಯ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನನ್ನ ಬಳಿ ಲ್ಯಾಪ್‌ಟಾಪ್ ಜೊತೆಗೆ ಒಂದು ಹಳೆಯ ಫೋನ್ ಇದೆ. ಎರಡು ಸ್ಟೀಲ್ ಡಬ್ಬಗಳ ಮೇಲೆ ಅದನ್ನು ಅಡ್ಡ ಮಲಗಿಸಿದರೆ ಕೆಳಗೆ ನಾನು ಬರೆಯುವ ಹಾಳೆ ಮಗುವಿಗೆ ನೇರವಾಗಿ ಕಾಣುತ್ತದೆ. ಮಗುವಿನ ಕಡೆ ಸಾಮಾನ್ಯವಾಗಿ ಇರುವುದು ಅಮ್ಮನ ಫೋನ್ ಒಂದೇ. ಆ ಚಿಕ್ಕ ಪರದೆಯಲ್ಲಿ ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ಇವುಗಳ ನಡುವಿನ ಸಣ್ಣ ಗೀಟು ಕಾಣುವುದೇ ಇಲ್ಲ. ಆದ್ದರಿಂದ ಪಾಠದ ಹಾಳೆಯನ್ನು ಹಿಂದಿನ ದಿನವೇ ವಾಟ್ಸ್ಆಪ್‌ನಲ್ಲಿ ಕಳುಹಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿಡಲು ಹೇಳುತ್ತೇನೆ. ಫೋನನ್ನು ಮಗುವಿನ ಮುಖ, ಹಾಳೆ, ಹಾಳೆಯ ಮೇಲಿನ ಬೆರಳು ಮೂರೂ ಕಾಣುವಂತೆ ಓರೆಯಾಗಿ ಇಡಿಸುತ್ತೇನೆ. ಓದುವಾಗ ಬೆರಳು ಎಲ್ಲಿ ನಿಂತಿತು ಎಂಬುದು ದನಿಗಿಂತ ಮೊದಲೇ ತೊಡಕನ್ನು ತಿಳಿಸುತ್ತದೆ. ಒಂದೇ ಕೋಣೆಯ ಮನೆಗಳಲ್ಲಿ ಟಿವಿಯ ಸದ್ದು, ಕುಕ್ಕರಿನ ಸೀಟಿ ಎರಡೂ ಇರುತ್ತವೆ. ತಂತಿಯ ಇಯರ್‌ಫೋನ್ ಇದ್ದರೆ ಪಾಠ ಸಾಗುತ್ತದೆ. ಇನ್ನೊಂದು ಮುಖ್ಯ ಸಂಗತಿಯಿದೆ. ಮಗು ತಾನು ಬರೆದ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದಾಗ ನಮಗೆ ಅದು ಸರಿಯಾಗಿಯೇ ಕಂಡರೂ, ಅನೇಕ ಆಪ್‌ಗಳಲ್ಲಿ ಮಗುವಿನ ಸ್ವಂತ ಪರದೆಯ ಮೇಲೆ ಕನ್ನಡಿಯಲ್ಲಿರುವಂತೆ ತಿರುವುಮುರುವಾಗಿ ಕಾಣುತ್ತದೆ. ಆಗ ಮಗು ತಾನೇ ತಪ್ಪಿದೆನೆಂದು ತಿಳಿದು ಸರಿಯಾದ ಅಕ್ಷರವನ್ನು ಅಳಿಸುತ್ತದೆ. ಆ ಕನ್ನಡಿ ನೋಟವನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿಯೇ ಪಾಠವನ್ನು ಆರಂಭಿಸಬೇಕು.

ಅಕ್ಷರಗಳನ್ನು ಅ ಆ ಇ ಈ ಕ್ರಮದಲ್ಲಿ ನಾನು ಕಲಿಸುವುದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಕಲಿಕೆಯ ಕ್ರಮದಲ್ಲಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಆ ಪ್ರಯೋಗದಲ್ಲಿ, ರ ಗ ಸ ದ ಅ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ, ಅನಂತರ ಜ ವ ಮ ಬ ನ. ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ, ಗರಗಸ ಎಂಬ ಪದಗಳಾಗುತ್ತವೆ. ಮೊದಲ ವಾರದಲ್ಲಿಯೇ ತಾನು ಓದಿದೆನೆಂಬ ಸಂತೋಷ ಮಗುವಿಗೆ ಸಿಗುತ್ತದೆ, ಅದನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. ಎರಡನೆಯ ಗುಂಪಿನಲ್ಲಿ ವ ಮತ್ತು ಮ ಒಟ್ಟಿಗೆ ಬರುವುದರಿಂದ ಅಲ್ಲಿ ನಿಧಾನವಾಗಿ ಸಾಗಬೇಕು. ಮುಂದೆ ಕೊಂಬು ಕಲಿತ ಮಗು, ವ ಅಕ್ಷರದ ಬಲಕ್ಕೆ ಕೊಂಬು ಹಚ್ಚಿದಂತೆಯೇ ತೋರುವ ಮ ಅನ್ನು 'ವು' ಎಂದು ಓದುತ್ತದೆ. ಮಗುವಿನ ತರ್ಕದಲ್ಲಿ ಅದು ಸರಿಯೇ. ಪ, ಫ, ವ ಅಕ್ಷರಗಳಿಗೆ ಕೊಂಬು ಕೆಳಗೆ ಇಳಿಯುತ್ತದೆ, ಉಳಿದವಕ್ಕೆ ಬಲಕ್ಕೆ ಹತ್ತುತ್ತದೆ ಎಂಬುದನ್ನು ಪು, ವು, ಕು, ಗು ಪಕ್ಕಪಕ್ಕ ಬರೆದು ತೋರಿಸಿದರೆ ಗೊಂದಲ ತಿಳಿಯಾಗುತ್ತದೆ. ಕಾಗುಣಿತವನ್ನು 'ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಹೇಳಿಸುವುದನ್ನು ನಾನು ಬಿಟ್ಟಿಲ್ಲ. ಆಕಾರಕ್ಕೆ ಹೆಸರಿದ್ದರೆ ತಿದ್ದುವುದು ಸುಲಭ, ವೀಡಿಯೊ ಕರೆಯಲ್ಲಂತೂ ಬೆರಳಿಟ್ಟು ತೋರಿಸಲಾಗದ ಕಡೆ ಆ ಹೆಸರುಗಳೇ ಕೈಗೆ ಬರುತ್ತವೆ.

ಮರಾಠಿ ಬಲ್ಲ ಮಗು ಮೊದಲು ಮಾಡುವ ತಪ್ಪು 'ಮರ'ವನ್ನು 'ಮರ್' ಎಂದೂ 'ಬಸವ'ನನ್ನು 'ಬಸವ್' ಎಂದೂ ಓದುವುದು. ಮರಾಠಿ, ಹಿಂದಿ ಪದಗಳ ಕೊನೆಯ ಅಕಾರವನ್ನು ಬರೆದರೂ ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ, ಆ ಅಭ್ಯಾಸ ಇಲ್ಲಿಗೂ ಬರುತ್ತದೆ. ಇದಕ್ಕೆ ನನಗೆ ಅತ್ಯುತ್ತಮ ಪಠ್ಯವಾಗಿ ಒದಗಿದ್ದು ಲೋಕಲ್ ರೈಲಿನ ನಿಲ್ದಾಣಗಳ ಹೆಸರುಗಳು. ದಾದರ್, ಘಾಟ್ಕೋಪರ್, ಮುಲುಂಡ್, ಕಲ್ಯಾಣ್ ಎಂಬಲ್ಲೆಲ್ಲ ಕನ್ನಡದಲ್ಲಿ ಕೊನೆಯ ಅಕ್ಷರ ಅರ್ಧವೆಂದು ಬರೆದೇ ತೋರಿಸುತ್ತೇವೆ. ನಿಲ್ದಾಣದ ದೇವನಾಗರಿ ಫಲಕದಲ್ಲಿ ಆ ಗುರುತು ಇರುವುದಿಲ್ಲ. ಗುರುತು ಇಲ್ಲದಿದ್ದರೆ ಕನ್ನಡದಲ್ಲಿ ಪೂರ್ತಿಯಾಗಿ ಹೇಳಬೇಕು ಎಂಬುದು ಆ ಪಟ್ಟಿಯಿಂದ ಮಗುವಿಗೆ ತಾನಾಗಿ ಹೊಳೆಯುತ್ತದೆ. ಠಾಣೆ, ಕಳವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ, ಠಾಕುರ್ಲಿ ಎಂದು ಓದುವ ಮಗುವಿಗೆ ಮುಂದಿನ ಹೆಸರು ಮೊದಲೇ ಗೊತ್ತಿರುವುದರಿಂದ ಊಹೆಯೂ ನೆರವಾಗುತ್ತದೆ, ಮಹಾಪ್ರಾಣ, ಅನುಸ್ವಾರ, ಒತ್ತಕ್ಷರ ಎಲ್ಲದರ ಪರಿಚಯವೂ ಆಗುತ್ತದೆ.

ಎರಡನೆಯದು ಹ್ರಸ್ವ ಎ, ಒ. ಮರಾಠಿಯ ಬರಹದಲ್ಲಿ ಇವಕ್ಕೆ ಬೇರೆ ಗುರುತುಗಳಿಲ್ಲದ ಕಾರಣ ಒಲೆ ಓಲೆಯಾಗುತ್ತದೆ, ಕೆರೆ ಕೇರೆಯಾಗುತ್ತದೆ, ಮೊರೆ ಮೋರೆಯಾಗುತ್ತದೆ. ಮನೆಯಲ್ಲಿ ಕನ್ನಡ ಆಡುವ ಮಗು ಮಾತಿನಲ್ಲಿ ಎಂದೂ ಈ ತಪ್ಪು ಮಾಡುವುದಿಲ್ಲ, ಓದುವಾಗ ಮಾತ್ರ ಮಾಡುತ್ತದೆ. ಆದ್ದರಿಂದ ನಾನು ಮೊದಲು ಹೇಳಿಸಿ, ಆಮೇಲೆ ಓದಿಸುತ್ತೇನೆ. ನೆಟ್‌ವರ್ಕ್ ಕುಂದಿದಾಗ ದನಿ ಹಿಗ್ಗಿ ಹ್ರಸ್ವ ದೀರ್ಘಗಳ ಭೇದವೇ ಅಳಿಸಿಹೋಗುವುದುಂಟು. ಅದಕ್ಕಾಗಿ ಹ್ರಸ್ವಕ್ಕೆ ಮುಷ್ಟಿ, ದೀರ್ಘಕ್ಕೆ ಕೈ ಚಾಚುವುದು ಎಂಬ ಸನ್ನೆಯನ್ನು ಇಬ್ಬರೂ ಬಳಸುತ್ತೇವೆ.

ಎಲ್ಲಕ್ಕಿಂತ ಕಷ್ಟದ್ದು ಒತ್ತಕ್ಷರ. ದೇವನಾಗರಿಯ ಜೋಡಾಕ್ಷರದಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗಿ, ಎರಡನೆಯದು ಪೂರ್ಣವಾಗಿ, ಬರೆದ ಸಾಲಿನಲ್ಲಿಯೇ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ಮೇಲಿರುತ್ತದೆ, ಎರಡನೆಯದು ಒತ್ತಾಗಿ ಕೆಳಗೆ ಇಳಿಯುತ್ತದೆ, ಎರಡನ್ನೂ ಹೇಳಿದ ಮೇಲೆ ಬರುವ ಸ್ವರದ ಚಿಹ್ನೆ ಮಾತ್ರ ಮೇಲಿನ ಅಕ್ಷರದ ಮೇಲೆ ಕೂರುತ್ತದೆ. ಅಕ್ಕ, ಅಮ್ಮ, ಹಕ್ಕಿಗಳಲ್ಲಿ ಎರಡೂ ಒಂದೇ ಅಕ್ಷರವಾದ್ದರಿಂದ ತೊಂದರೆ ಕಾಣುವುದಿಲ್ಲ. 'ಕುಸ್ತಿ' ಬಂದಾಗ ಮಗು ಕಣ್ಣಿಗೆ ಕಂಡ ಕ್ರಮದಲ್ಲಿಯೇ 'ಕುಸಿತ' ಎಂದು ಓದುತ್ತದೆ. ತರಗತಿಯಲ್ಲಿ ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ವಿವರಿಸಿದರೂ ಕೆಲವರಿಗೆ ದಕ್ಕುತ್ತಿರಲಿಲ್ಲ. ವೀಡಿಯೊ ಪಾಠದಲ್ಲಿ ನಾನು ಪರದೆಯನ್ನು ಹಂಚಿಕೊಂಡು, ಅಕ್ಷರವನ್ನು ದೊಡ್ಡದು ಮಾಡಿ, ಮಗು ದನಿಗಳನ್ನು ಒಂದೊಂದಾಗಿ ಹೇಳಿದಂತೆ ಟೈಪ್ ಮಾಡುತ್ತೇನೆ. ಯೂನಿಕೋಡ್‌ನಲ್ಲಿ ಕನ್ನಡವನ್ನು ಉಚ್ಚಾರದ ಕ್ರಮದಲ್ಲಿಯೇ ಒತ್ತಬೇಕಾಗುತ್ತದೆ: ಸ, ಅರ್ಧಾಕ್ಷರದ ಗುರುತು, ತ, ಕೊನೆಗೆ ಗುಡಿಸು. ತ ಒತ್ತಿದೊಡನೆ ಅದು ಸಕಾರದ ಕೆಳಗೆ ಇಳಿಯುವುದನ್ನು, ಕೊನೆಯಲ್ಲಿ ಒತ್ತಿದ ಗುಡಿಸು ಮೊದಲ ಅಕ್ಷರದ ತಲೆಗೇರುವುದನ್ನು ಮಗು ತನ್ನ ಕಣ್ಣಾರೆ ನೋಡುತ್ತದೆ. ಕೇಳಿಸುವ ಕ್ರಮವೂ ಕಾಣುವ ಕ್ರಮವೂ ಹೇಗೆ ಬೇರೆಯಾದವು ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಕೆಲವು ಪಾಠಗಳಾದ ಮೇಲೆ ಅಮ್ಮನ ಫೋನಿನ ಕನ್ನಡ ಕೀಲಿಮಣೆಯಲ್ಲಿ ಮಗುವೇ ಟೈಪ್ ಮಾಡಿ ನನಗೆ ಕಳುಹಿಸುತ್ತದೆ. 'ಸೂರ್ಯ'ದ ಅರ್ಕಾವತ್ತಿಗೂ ಇದೇ ಉಪಾಯ: ಮೊದಲು ಒತ್ತಿದ ರಕಾರ ಯಕಾರದ ಬಲಕ್ಕೆ ಹೋಗಿ ನಿಲ್ಲುತ್ತದೆ. ಮರಾಠಿ ಶಾಲೆಯಲ್ಲಿ 'ರಫಾರ' ಕಲಿತ ಮಗುವಿಗೆ, ಅಲ್ಲಿ ತಲೆಯ ಮೇಲಿದ್ದದ್ದು ಇಲ್ಲಿ ಪಕ್ಕಕ್ಕೆ ಬಂದಿದೆ ಎಂದರೆ ಸಾಕು.

ಕರೆಯಲ್ಲಿ ಇಬ್ಬರೂ ಒಟ್ಟಿಗೆ ದನಿಗೂಡಿಸಿ ಓದಲು ಆಗುವುದಿಲ್ಲ. ದನಿ ಅರೆಕ್ಷಣ ತಡವಾಗಿ ತಲುಪುವುದರಿಂದ ಇಬ್ಬರೂ ಎಡವುತ್ತೇವೆ. ನಾನು ಒಂದು ವಾಕ್ಯ ಓದುತ್ತೇನೆ, ಮಗು ಅದೇ ವಾಕ್ಯವನ್ನು ಬೆರಳಿಟ್ಟು ಓದುತ್ತದೆ, ಅನಂತರ ಮಗುವೊಂದೇ ಓದುತ್ತದೆ. ಮಗು ತಡೆದಾಗ ನಾನು ತುಟಿ ಬಿಗಿಹಿಡಿದು ಕಾಯುತ್ತೇನೆ. ಪರದೆಯ ಮುಂದೆ ಮೌನ ಬಹಳ ದೀರ್ಘವೆನಿಸುತ್ತದೆ, ಆದರೆ ತಾನೇ ತಿದ್ದಿಕೊಳ್ಳುವ ಅವಕಾಶ ಮಗುವಿಗೆ ಸಿಗುವುದು ಆ ಮೌನದಲ್ಲಿಯೇ.

ಮುಂಬಯಿಯ ತುಳು ಮನೆಗಳ ಮಕ್ಕಳ ವಿಷಯ ಬೇರೆ. ಅವರು ಅಕ್ಷರ ಕಲಿತ ಕೆಲವೇ ತಿಂಗಳಲ್ಲಿ ಕನ್ನಡವನ್ನು ಗಡಗಡನೆ ಓದಬಲ್ಲರು, ಅರ್ಥ ಮಾತ್ರ ಅರ್ಧಂಬರ್ಧ. ಓದಿದ್ದನ್ನು ತುಳುವಿನಲ್ಲಿ ಹೇಳಲು ನಾನು ಹೇಳುತ್ತೇನೆ. ಹೇಳಲಾಗದ ವಾಕ್ಯ ಓದಿದಂತಾಗಲಿಲ್ಲವೆಂದು ತಿಳಿದು ಅಲ್ಲಿ ನಿಲ್ಲುತ್ತೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಬಂದವರ ಮಕ್ಕಳಿಗೆ ಮಾತು ಸಮೃದ್ಧವಾಗಿದೆ, ಪುಸ್ತಕದ ಕನ್ನಡ ಅಪರಿಚಿತ. ಅವರು ಹೇಳಿದ ವಾಕ್ಯವನ್ನು ಅವರ ಮಾತಿನಲ್ಲಿಯೇ ಟೈಪ್ ಮಾಡಿ ಓದಿಸುತ್ತೇನೆ. 'ನಮ್ಮವ್ವ ರೊಟ್ಟಿ ಬಡೀತಾಳ' ಎಂದು ತನ್ನದೇ ಮಾತು ಪರದೆಯ ಮೇಲೆ ಮೂಡಿದಾಗ ಮಗು ಅದನ್ನು ಮತ್ತೆ ಮತ್ತೆ ಓದುತ್ತದೆ. ಪುಸ್ತಕದ ಭಾಷೆಗೆ ಅಲ್ಲಿಂದ ಹೋಗಬಹುದು.

ತಾಯಂದಿರು ಕ್ಯಾಮೆರಾದ ಆಚೆ ಕುಳಿತು ಪಿಸುಮಾತಿನಲ್ಲಿ ಹೇಳಿಕೊಡುತ್ತಾರೆ. ಅದು ಪ್ರೀತಿಯಿಂದಲೇ ಆಗುವುದಾದರೂ ಮಗುವಿನ ತಪ್ಪು ನನಗೆ ಕೇಳಿಸದಂತಾಗುತ್ತದೆ. ಅವರಿಗೆ ಬೇರೊಂದು ಕೆಲಸ ಕೊಡುತ್ತೇನೆ: ಮಗು ಎಲ್ಲಿ ತಡೆಯಿತೋ ಆ ಪದವನ್ನು ಗುರುತು ಹಾಕಿಡುವುದು, ಕನ್ನಡ ಓದಲು ಬಾರದ ತಾಯಿಯಾದರೆ ಮಗು ಓದಿದ ಕಥೆಯನ್ನು ಮಲಗುವ ಮುನ್ನ ಕೇಳಿಸಿಕೊಳ್ಳುವುದು. 'ಟೀಚರೇ, ಇಂಗ್ಲಿಷ್ ಬೇಗ ಬಂತು, ಇದು ಯಾಕೆ ಇಷ್ಟು ದಿನ?' ಎಂದು ಕೇಳುವವರಿಗೆ ನಾನು ಲೆಕ್ಕ ಹೇಳುತ್ತೇನೆ. 34 ವ್ಯಂಜನಗಳನ್ನು 13 ಸ್ವರಗಳೊಡನೆ ಗುಣಿಸಿದರೆ ಗುಣಿತಾಕ್ಷರಗಳೇ 442, ಒತ್ತಕ್ಷರಗಳು ಬೇರೆ. ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನವೂ ಅಕ್ಷರಗಳ ಕಲಿಕೆ ಮೊದಲ ವರ್ಷದಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳಿಗೂ ಚಾಚುತ್ತದೆಂದು ತೋರಿಸಿದೆ.

ವೇಗದ ಬಗ್ಗೆ ನನ್ನದು ದೃಢವಾದ ಅಭಿಪ್ರಾಯ. 2021ರ ಜುಲೈಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೆಯ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕೆನ್ನುತ್ತದೆ. 'ಬರುತ್ತಿದ್ದಾರಂತೆ', 'ಮನೆಯವರೆಲ್ಲರಿಗೂ' ಎಂಬುವು ಕನ್ನಡದಲ್ಲಿ ಒಂದೊಂದು ಪದ. ಇಂಗ್ಲಿಷ್, ಹಿಂದಿಯ ಓದಿನ ಜೊತೆ ಪದಗಳ ಎಣಿಕೆಯಲ್ಲಿ ಕನ್ನಡದ ಓದನ್ನು ಹೋಲಿಸುವುದು ಮಗುವಿಗೆ ಅನ್ಯಾಯ. ನಾನು ಗಡಿಯಾರ ಹಿಡಿಯುವುದಿಲ್ಲ. ಉಸಿರು ಸರಿಯಾದ ಜಾಗದಲ್ಲಿ ನಿಂತಿತೇ ಎಂಬುದನ್ನು ಗಮನಿಸುತ್ತೇನೆ.

ಓದು ಹಿಡಿತಕ್ಕೆ ಬಂದ ಮೇಲೆ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಿಂದ ಕಥೆಗಳನ್ನು ಆರಿಸುತ್ತೇನೆ. ಅಲ್ಲಿನ ಕನ್ನಡ ಪುಸ್ತಕಗಳು ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡವಾಗಿವೆ, ಉಚಿತವಾಗಿಯೂ ಸಿಗುತ್ತವೆ. ಈ ಹಂತದಲ್ಲಿ ನನ್ನ ಪಾಠಗಳನ್ನು ಕಡಿಮೆ ಮಾಡಿ, ಊರಿನಲ್ಲಿರುವ ಅಜ್ಜ ಅಥವಾ ಅಜ್ಜಿಯನ್ನು ಕರೆಗೆ ಸೇರಿಸುತ್ತೇನೆ. ಮೊದಲೆರಡು ಸಲ ನಾನೂ ಜೊತೆಗಿದ್ದು, ಮಗು ತಡೆದಾಗ ನಿಧಾನವಾಗಿ ಮೂರರವರೆಗೆ ಮನಸ್ಸಿನಲ್ಲಿಯೇ ಎಣಿಸಲು, ಆಗಲೂ ಬಾರದಿದ್ದರೆ ಅಕ್ಷರ ಬಿಡಿಸದೆ ಇಡೀ ಪದವನ್ನೇ ಹೇಳಿಬಿಡಲು, ಪುಟ ಮುಗಿದ ಮೇಲೆ ತಪ್ಪುಗಳ ಮಾತೆತ್ತದೆ 'ಆಮೇಲೆ ಏನಾಯಿತು?' ಎಂದು ಕೇಳಲು ಅವರಿಗೆ ತಿಳಿಸುತ್ತೇನೆ.